ಬಾಣಂತನ ಮಾಡಿದ ಊರಿಗೆ

ಬರುವ ಶನಿವಾರ ಮಗಳಿಗೆ ಒಂದು ವರ್ಷ ತುಂಬುತ್ತದೆ. ಹುಟ್ಟಿದಾಗ 1,280 ಗ್ರಾಂ ಇದ್ದಳು. ಈಗ ಸೋಫಾ ಹಿಡಿದು ನಿಲ್ಲುತ್ತಾಳೆ, ಪಕ್ಕದ ಮನೆ ಬೆಕ್ಕಿನ ಬಾಲ ಎಳೆಯುತ್ತಾಳೆ, ಕೊಟ್ಟ ತುತ್ತನ್ನು ಉಗಿಯುತ್ತಾಳೆ. ಇಲ್ಲಿ ಇಂಥ ಹೊತ್ತಿನಲ್ಲಿ ಊರ ಪತ್ರಿಕೆಗೆ ನಾಲ್ಕು ಸಾಲಿನ ಕೃತಜ್ಞತೆಯ ಜಾಹೀರಾತು ಕೊಡುವ ರೂಢಿಯಿದೆ. ಕೊಟ್ಟೆವು. ಆದರೆ ನಾಲ್ಕು ಸಾಲಿನಲ್ಲಿ ಏನು ಹಿಡಿಯುತ್ತದೆ? ಎದುರು ನಿಂತು ಹೇಳೋಣವೆಂದರೆ ಈ ಊರಿನವರು ಥ್ಯಾಂಕ್ಸನ್ನು ಕೈಯಲ್ಲೂ ಮುಟ್ಟುವುದಿಲ್ಲ. ಹೇಳಿ ಮುಗಿಸುವ ಮೊದಲೇ ‘ದಾ ನಿಷ್ ಫ್ಯೂರ್’ ಅಂದುಬಿಡುತ್ತಾರೆ. ‘ಅಯ್ಯೋ, ಇದಕ್ಕೆಲ್ಲ ಏನು’ ಅಂತ. ಅದಕ್ಕೇ ಅವರಿಗೆ ಓದಲು ಬಾರದ ಭಾಷೆಯಲ್ಲಿ, ತಡೆಯಲು ದಾರಿಯೇ ಇಲ್ಲದ ಹಾಗೆ ಬರೆಯುತ್ತಿದ್ದೇನೆ.

ಊರಿನ ಹೆಸರು ರೆಸ್ಟರ್‌ಹಾಫೆ. ಜರ್ಮನಿಯ ವಾಯವ್ಯ ಮೂಲೆಯ ಓಸ್ಟ್‌ಫ್ರೀಸ್‌ಲಾಂಡಿನಲ್ಲಿ, ದೋರ್ನುಮ್ ಪಂಚಾಯಿತಿಗೆ ಸೇರಿದ ಪುಟ್ಟ ಹಳ್ಳಿ. ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ ನಿಮ್ಮ ನೆನಪು ಸರಿಯಾಗಿದೆ. ನಮ್ಮ ಕಿಟೆಲ್ ಹುಟ್ಟಿದ ಊರು ಇದೇ. 1832ರ ಏಪ್ರಿಲ್ 7ರಂದು ಇಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದರು. ಆಗ ಈ ಸೀಮೆ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. 1853ರಲ್ಲಿ ಬಾಸೆಲ್ ಮಿಶನ್ನಿನವರು ಅವರನ್ನು ಕನ್ನಡ ಸೀಮೆಗೆ ಕಳಿಸಿದರು. 1894ರಲ್ಲಿ ಸುಮಾರು 70,000 ಪದಗಳ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು.

ನಾವೇನೂ ಕಿಟೆಲ್ ಹುಡುಕಿಕೊಂಡು ಬಂದವರಲ್ಲ. ನನ್ನವರಿಗೆ ಕಡಲೊಳಗಿನ ಗಾಳಿಯಂತ್ರಗಳ ಕೆಲಸ, ಕೈಗೆಟುಕುವ ಬಾಡಿಗೆಗೆ ಮನೆ ಸಿಕ್ಕಿದ್ದು ಇಲ್ಲಿ. ಬಂದು ಮೂರು ತಿಂಗಳಾದ ಮೇಲೆ ತಿಪಟೂರಿನಿಂದ ಸೋದರಮಾವ ಫೋನಿನಲ್ಲಿ ಹೇಳಿದಾಗಲೇ ವಿಷಯ ಗೊತ್ತಾಗಿದ್ದು. ಸಂಭ್ರಮ ತಡೆಯಲಾರದೆ ಹಾಲಿನ ಹಟ್ಟಿಯ ಯಜಮಾನರ ಹತ್ತಿರ ಓಡಿಹೋಗಿ, ‘ನನ್ನ ಭಾಷೆಯ ನಿಘಂಟು ಮಾಡಿದವರು ನಿಮ್ಮೂರಿನವರು’ ಅಂದೆ. ಅವರು ಸ್ವಲ್ಪ ಹೊತ್ತು ದೂರ ನೋಡಿ, ‘ಹ್ಞಾ, ಪಾದ್ರಿ ಮಕ್ಕಳು ಓದ್ತಾರೆ’ ಅಂದರು. ಅಷ್ಟೇ. ಆ ಮನುಷ್ಯನ ಮಟ್ಟಿಗೆ ಅದು ದೊಡ್ಡ ಭಾಷಣ ಎಂದು ಆಮೇಲೆ ತಿಳಿಯಿತು.

ಈ ನೆಲ ಹೇಗಿದೆ ಅನ್ನುವುದನ್ನು ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಜನ ಅರ್ಥವಾಗುವುದಿಲ್ಲ. ದೋಸೆಕಲ್ಲಿನ ಹಾಗೆ ಸಪಾಟು. ಕಡಲು ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ, ಆದರೆ ಊರಿನಿಂದ ಕಾಣುವುದಿಲ್ಲ. ಮಧ್ಯೆ ಏರಿ ಇದೆ. ತಿಪಟೂರಿನ ಕಡೆ ಹುಟ್ಟಿದವಳಿಗೆ ಏರಿ ಅಂದರೆ ಕೆರೆ ಏರಿ, ನೀರನ್ನು ಒಳಗೆ ಹಿಡಿದಿಡುವಂಥದ್ದು. ಇಲ್ಲಿನ ಏರಿ ನೀರನ್ನು ಹೊರಗಿಡುತ್ತದೆ. ಅದರ ಮೇಲೆ ಕುರಿ ಮೇಯುತ್ತವೆ. ಹುಲ್ಲು ಕತ್ತರಿಸುವುದಕ್ಕೂ ಮಣ್ಣು ತುಳಿದು ಗಟ್ಟಿ ಮಾಡುವುದಕ್ಕೂ ಅವೇ ಕೂಲಿಯಾಳುಗಳು. ತೂಬೂ ಇದೆ, ಅದನ್ನು ಜೀಲ್ ಅನ್ನುತ್ತಾರೆ. ಹಳೇ ಕಾಲದ ತೂಬಿಗೆ ಬಾಗಿಲು ಕಾಯುವವನೇ ಬೇಡವಾಗಿತ್ತು. ಭರತದಲ್ಲಿ ಕಡಲು ದೂಡಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತಿತ್ತು, ಇಳಿತದಲ್ಲಿ ಒಳಗಿನ ಕಾಲುವೆ ನೀರು ದೂಡಿದರೆ ತೆರೆದುಕೊಳ್ಳುತ್ತಿತ್ತು. ಏರಿ ಕಟ್ಟುವುದಕ್ಕೂ ಮೊದಲಿನವರು ಮಣ್ಣು ಪೇರಿಸಿ ದಿಬ್ಬ ಮಾಡಿ ಅದರ ಮೇಲೆ ಮನೆ ಕಟ್ಟಿಕೊಂಡಿದ್ದರು. ಈ ಭಾಗದ ಹಳೇ ಇಗರ್ಜಿಗಳು ಇವತ್ತಿಗೂ ಅಂಥ ದಿಬ್ಬಗಳ ಮೇಲಿವೆ.

1717ರ ಕ್ರಿಸ್‌ಮಸ್ ರಾತ್ರಿ ಉತ್ತರ ಸಮುದ್ರ ಈ ಏರಿಗಳನ್ನು ಒಡೆದು ಒಳನುಗ್ಗಿತು. ನೆದರ್‌ಲ್ಯಾಂಡ್ಸ್‌ನಿಂದ ಡೆನ್ಮಾರ್ಕಿನವರೆಗೆ ಸತ್ತವರು 11,000ಕ್ಕೂ ಹೆಚ್ಚು. ಹಳೇ ಕಾನೂನಿನಲ್ಲಿ ಪ್ರತಿ ರೈತನಿಗೂ ಏರಿಯ ಒಂದೊಂದು ತುಂಡಿನ ಹೊಣೆ. ಇನ್ನು ತನ್ನಿಂದಾಗದು ಅನ್ನಿಸಿದವನು ಏರಿಯಲ್ಲಿ ಸಲಿಕೆ ನೆಟ್ಟು ಊರು ಬಿಡಬೇಕು. ಆ ಸಲಿಕೆಯನ್ನು ಯಾರು ಕೀಳುತ್ತಾರೋ ಅವರಿಗೆ ಅವನ ಜಮೀನು, ಜೊತೆಗೆ ಅವನ ತುಂಡು ಏರಿ. ಕ್ರೂರ ಅನ್ನಿಸುತ್ತದೆ. ಆದರೆ ಒಬ್ಬನ ತುಂಡು ಒಡೆದರೆ ಮುಳುಗುವುದು ಎಲ್ಲರ ಮನೆ. ಕನ್ನಡದಲ್ಲಿ ಪ್ರವಾಹಕ್ಕೂ ಪಕ್ಕದ ಮನೆಗೂ ‘ನೆರೆ’ ಎಂಬ ಒಂದೇ ಮಾತು. ಚಿಕ್ಕಂದಿನಿಂದ ಎರಡನ್ನೂ ಆಡಿದ್ದೇನೆ, ಎರಡೂ ಒಂದೇ ಸದ್ದು ಅಂತ ಹೊಳೆದದ್ದು ಮಾತ್ರ ಈ ಏರಿಯ ಮೇಲೆ ನಿಂತಾಗ.

ಹೋದ ವರ್ಷದ ಆ ರಾತ್ರಿ ನನ್ನವರು ಕಡಲಲ್ಲಿದ್ದರು. ಬಿರುಗಾಳಿಗೆ ದೋಣಿ ಬಿಟ್ಟಿರಲಿಲ್ಲ. ಮೂವತ್ತನೇ ವಾರದಲ್ಲಿ ನೋವು ಶುರುವಾಯಿತು. ಎದುರುಮನೆಯ ಓಮಾಗೆ ಫೋನ್ ಮಾಡಿದೆ. ಓಮಾ ಅಂದರೆ ಅಜ್ಜಿ, ಊರಿಗೆಲ್ಲ ಆಕೆ ಓಮಾನೇ. ರಾತ್ರಿಯಂಗಿಯ ಮೇಲೆ ಕೋಟು ಹಾಕಿಕೊಂಡು ಬಂದರು. ಸ್ವಯಂಸೇವಕರ ಅಗ್ನಿಶಾಮಕ ದಳದಲ್ಲಿರುವ ಅವರ ಮಗ, ಆಂಬ್ಯುಲೆನ್ಸಿಗೆ ದಾರಿ ತಪ್ಪದಿರಲಿ ಎಂದು ತಿರುವಿನಲ್ಲಿ ಟಾರ್ಚ್ ಹಿಡಿದು ಮಳೆಯಲ್ಲಿ ನಿಂತಿದ್ದನಂತೆ.

ಮಗು ಏಳು ವಾರ ದೊಡ್ಡೂರಿನ ಆಸ್ಪತ್ರೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ನನ್ನನ್ನು ಬೇಗ ಮನೆಗೆ ಕಳಿಸಿದರು. ಒಂದೂವರೆ ಗಂಟೆಯ ದಾರಿ, ನನಗೆ ಕಾರು ಬಾರದು, ನನ್ನವರಿಗೆ ಎರಡು ವಾರಕ್ಕಿಂತ ಹೆಚ್ಚು ರಜೆ ಇಲ್ಲ. ಅಮ್ಮನ ವೀಸಾ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಆಗ ಓಮಾ ಅಡುಗೆಮನೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಗೆರೆ ಹಾಕಿದರು. ಯಾವ ದಿನ ಯಾವ ಮನೆಯ ಕಾರು ಅಂತ. ಆ ಹಾಳೆ ಈಗ ನನ್ನ ಹತ್ತಿರ ಇದೆ. ಒಂದು ಚೌಕವೂ ಖಾಲಿಯಿಲ್ಲ.

ಹಾಲಿನ ಹಟ್ಟಿಯ ಯಜಮಾನರ ಪಾಳಿ ಮಂಗಳವಾರ. ಬೆಳಗಿನ ಹಾಲು ಕರೆದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಆಸ್ಪತ್ರೆ ಬಾಗಿಲಲ್ಲಿ ನನ್ನನ್ನು ಇಳಿಸಿ, ನಾಲ್ಕು ಗಂಟೆ ಕಾರಿನಲ್ಲೇ ಕೂತಿರುತ್ತಿದ್ದರು. ಒಳಗೆ ಬನ್ನಿ ಅಂದರೆ ತಲೆಯಾಡಿಸುತ್ತಿದ್ದರು. ದಾರಿಯುದ್ದಕ್ಕೂ ಮೌನ. ವಾಪಸ್ ಬರುವಾಗ ಒಂದೇ ಪ್ರಶ್ನೆ: ‘ಎಷ್ಟು?’ ನಾನು ಗ್ರಾಂ ಲೆಕ್ಕ ಹೇಳುತ್ತಿದ್ದೆ. ನಾಲ್ಕನೇ ಮಂಗಳವಾರ 1,700 ಅಂದಾಗ, ‘ಕರು ಆಗಿದ್ದರೂ ಬದುಕುತ್ತೆ’ ಅಂದರು. ಅಳುತ್ತಾ ನಕ್ಕಿದ್ದು ಆ ಏಳು ವಾರದಲ್ಲಿ ಅದೊಂದೇ ಸಲ.

ನಿಮ್ಮಮ್ಮ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಓಮಾ ಕೇಳಿದರು. ಎಣ್ಣೆನೀರು, ಕಿವಿಗೆ ಹತ್ತಿ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು ಅಂತ ಅರ್ಧ ಜರ್ಮನ್, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಸಬ್ಬಸಿಗೆಯ ಫೋಟೋ ತೋರಿಸಿದರೆ, ಓಮಾ ಫ್ರಿಜ್ಜಿನಿಂದ ಒಂದು ಪೊಟ್ಟಣ ತೆಗೆದರು. ಅದೇ! ಇಲ್ಲಿ ಮೀನಿಗೂ ಸೌತೆಕಾಯಿಗೂ ಹಾಕುವ ಡಿಲ್. ಅವತ್ತಿನಿಂದ ಆಲೂಗಡ್ಡೆ ಸೂಪಿನಲ್ಲಿ ಸಬ್ಬಸಿಗೆ. ನಮ್ಮಮ್ಮ ಬಾಯಿಗಿಡಲಾರಳು, ನನಗದು ಅಮೃತವಾಗಿತ್ತು. ಕಿವಿ ಮುಚ್ಚಲು ಉಣ್ಣೆ ಟೋಪಿಯನ್ನೂ ಹೆಣೆದುಕೊಟ್ಟರು. ನಾನು ಸಸ್ಯಾಹಾರಿ ಅನ್ನುವುದನ್ನು ಮಾತ್ರ ಆಕೆ ಇವತ್ತಿಗೂ ಒಂದು ಕಾಯಿಲೆ ಎಂದೇ ತಿಳಿದಿದ್ದಾರೆ.

ಚಹಾದ ವಿಷಯ ಬಿಟ್ಟರೆ ಪಾಪ ಬಂದೀತು. ಇಲ್ಲಿ ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ, ಅಸ್ಸಾಮಿನ ಎಲೆಯೇ ಹೆಚ್ಚು. ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ, ಮೇಲೆ ಬಿಸಿ ಚಹಾ, ಸಕ್ಕರೆ ಚಟಚಟ ಅನ್ನಬೇಕು. ಆಮೇಲೆ ಅಂಚಿನಿಂದ ಕೆನೆ. ಕಲಕಬಾರದು. ಮೂರು ಬಟ್ಟಲು ಕುಡಿಯುವುದು ಮರ್ಯಾದೆ, ಸಾಕು ಅನ್ನಲು ಚಮಚವನ್ನು ಬಟ್ಟಲಿನೊಳಗಿಡಬೇಕು. ಇದು ಗೊತ್ತಿಲ್ಲದೆ ಮೊದಲ ದಿನ ಏಳು ಬಟ್ಟಲು ಕುಡಿದಿದ್ದೆ. ಆಸ್ಪತ್ರೆಯಿಂದ ಬಂದ ಪ್ರತಿ ಸಂಜೆ ಆ ಮೇಜಿನ ಮುಂದೆ ಯಾರೂ ಏನೂ ಕೇಳದೆ ಸುರಿಯುತ್ತಿದ್ದರು.

ಈ ಊರುಗಳಲ್ಲಿ ಎಲ್ಲ ಕಾಲದಲ್ಲೂ ಎಲ್ಲರಿಗೂ ಹೀಗೇ ಆಯಿತು ಎಂದರೆ ಸುಳ್ಳಾಗುತ್ತದೆ. ಓಮಾನೇ ಒಂದು ಮಧ್ಯಾಹ್ನ ನನ್ನನ್ನು ದೋರ್ನುಮಿಗೆ ಕರೆದುಕೊಂಡು ಹೋಗಿ ಅಲ್ಲಿನ ಯಹೂದಿ ಪ್ರಾರ್ಥನಾಮಂದಿರ ತೋರಿಸಿದರು. 1841ರ ಕಟ್ಟಡ. 1938ರ ನವೆಂಬರಿನಲ್ಲಿ ದೇಶದುದ್ದಕ್ಕೂ ಇಂಥ ಮಂದಿರಗಳಿಗೆ ಬೆಂಕಿ ಬಿದ್ದಾಗ ಇದು ಉಳಿದದ್ದು, ಅದಕ್ಕೆ ಸ್ವಲ್ಪ ಮುಂಚೆ ಮಾರಾಟವಾಗಿದ್ದರಿಂದ. ಕಟ್ಟಡ ಉಳಿಯಿತು, ಅದರೊಳಗೆ ಪ್ರಾರ್ಥಿಸುತ್ತಿದ್ದ ನೆರೆಯವರು ಉಳಿಯಲಿಲ್ಲ. ಈಗ ಅದು ಸ್ಮಾರಕ. ಹೊರಗೆ ಬಂದ ಮೇಲೆ ಓಮಾ ಬಹಳ ಹೊತ್ತು ಕಾರು ಸ್ಟಾರ್ಟ್ ಮಾಡಲಿಲ್ಲ. ಇದನ್ನು ತೋರಿಸಿದ್ದಕ್ಕೂ ನನ್ನ ಋಣ ಅವರ ಮೇಲಿದೆ, ಅಲ್ಲ, ಅವರ ಋಣ ನನ್ನ ಮೇಲಿದೆ. ಕನ್ನಡವೂ ಈಗ ಆಗಾಗ ತಿರುಗುಮುರುಗು ಆಗುತ್ತದೆ.

ಮಗು ಹುಟ್ಟಿದ ಮನೆಯ ಮುಂದೆ ಮರದ ಕೊಕ್ಕರೆ ನೆಡುವುದು ಈ ಕಡೆಯ ಪದ್ಧತಿ, ಹೆಸರು ತೂಕ ಬರೆದು. ನಮ್ಮ ಮನೆ ಮುಂದೆ ಏಳು ವಾರ ಯಾರೂ ನೆಡಲಿಲ್ಲ, ನಾನೂ ಕೇಳಲಿಲ್ಲ. ಮಗಳನ್ನು ಕರೆದುಕೊಂಡು ಬಂದ ಸಂಜೆ ಕೊಕ್ಕರೆ ನಿಂತಿತ್ತು. ತೂಕದ ಜಾಗದಲ್ಲಿ 1,280 ಅಲ್ಲ, ಅವತ್ತು ಬೆಳಗಿನ ತೂಕ, 2,310. ಬರೆದದ್ದು ಯಾರೆಂದು ಹೇಳಬೇಕಾಗಿಲ್ಲ, ಅವತ್ತು ಮಂಗಳವಾರ.

ಆಮೇಲೆ ಮಗು ನೋಡಲು ಊರೇ ಬಂತು. ಅದಕ್ಕೆ ಪುಪ್‌ವಿಸೀಟ್ ಅನ್ನುತ್ತಾರೆ. ಬಂದವರಿಗೆ ಕೊಡುವುದು ಬೋನನ್‌ಸೊಪ್, ಅಂದರೆ ಬೀನ್ಸ್ ಸಾರು. ಹೆಸರು ನಂಬಿ ದೊಡ್ಡ ಚಮಚ ತಂದಿಟ್ಟಿದ್ದೆ. ಬೀನ್ಸೂ ಇಲ್ಲ, ಸಾರೂ ಅಲ್ಲ. ಬ್ರಾಂದಿಯಲ್ಲಿ ಕಲ್ಲುಸಕ್ಕರೆ ಹಾಕಿ ತಿಂಗಳುಗಟ್ಟಲೆ ನೆನೆಸಿದ ಒಣದ್ರಾಕ್ಷಿ! ಬಸುರಿಯ ಮನೆಯಲ್ಲಿ ಮೊದಲೇ ನೆನೆಹಾಕಬೇಕಂತೆ. ನಮ್ಮದನ್ನು ಓಮಾ ತಮ್ಮ ಮನೆಯಲ್ಲಿ ಹಾಕಿಟ್ಟಿದ್ದರು. ನಾನು ವಾಸನೆ ನೋಡಿ ಪಕ್ಕಕ್ಕಿಟ್ಟೆ, ನನ್ನವರು ನನ್ನ ಪಾಲನ್ನೂ ಮುಗಿಸಿದರು.

ಅಮ್ಮನ ವೀಸಾ ಕೊನೆಗೂ ಬಂತು, ಈಗ ಇಲ್ಲೇ ಇದ್ದಾಳೆ. ಶನಿವಾರ ಊರಿಗೆಲ್ಲ ಚಿತ್ರಾನ್ನ, ತಿಪಟೂರಿನ ಕೊಬ್ಬರಿಯ ಮಿಠಾಯಿ. ಕೊಕ್ಕರೆಯನ್ನು ಅವತ್ತೇ ಕಿತ್ತು ಒರೆಸಿ ಕೊಡಬೇಕು. ತಿರುವಿನ ಮನೆಯ ಹುಡುಗಿಗೆ ಈಗ ಐದು ತಿಂಗಳು. ಅವಳ ದ್ರಾಕ್ಷಿಯನ್ನು ನಾನೇ ನೆನೆಹಾಕಿದ್ದೇನೆ.