ಮಗಳಿಗೊಂದು ಪತ್ರ: ಅಪ್ಪನ ಕೂದಲು ಎಲ್ಲಿಗೆ ಬಂತು?

ಪುಟ್ಟಿ,

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ತಲೆ ನೋಡಿ ಬಿದ್ದು ಬಿದ್ದು ನಕ್ಕೆಯಲ್ಲ. "ಇಷ್ಟು ದಿನದಿಂದ ಬಿಡ್ತಾ ಇದೀಯ, ಇನ್ನೂ ರಬ್ಬರ್ ಬ್ಯಾಂಡಿಗೂ ಸಿಗಲ್ವಲ್ಲಪ್ಪ, ಗಂಡಸರ ಕೂದಲೇ ಇಷ್ಟು" ಅಂತ ಬೇರೆ ಅಂದೆ. ಅದಕ್ಕೇ ಈ ಪತ್ರ.

ತಿರುಪತಿಯಲ್ಲಿ ಮುಡಿ ಕೊಟ್ಟು 16 ತಿಂಗಳಾಯಿತು. ತಲೆಗೂದಲು ಬೆಳೆಯುವುದು ತಿಂಗಳಿಗೆ ಒಂದು, ಹೆಚ್ಚೆಂದರೆ ಒಂದೂಕಾಲು ಸೆಂಟಿಮೀಟರ್. ವರ್ಷಕ್ಕೆ ಹೆಚ್ಚೆಂದರೆ ನಿನ್ನ ಕಂಪಾಸ್ ಬಾಕ್ಸಿನಲ್ಲಿದ್ದ ಸಣ್ಣ ಸ್ಕೇಲಿನಷ್ಟು, 15 ಸೆಂಟಿಮೀಟರ್. ಗಂಡಸಿಗೂ ಹೆಂಗಸಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ಸೊಂಟ ಮುಟ್ಟುವ ನಿನ್ನ ಜಡೆಯ ತುದಿ ಇದೆಯಲ್ಲ, ಅದಕ್ಕೆ ಐದು ವರ್ಷವಾದರೂ ಆಗಿದೆ. ನಿನ್ನ ಜೊತೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಿದ್ದ ಕೂದಲು ಅದು! ನೀನು ತುದಿ ಮಾತ್ರ ಕತ್ತರಿಸಿಕೊಂಡು ಬಂದವಳು. ನಾನು ಬೋಳುತಲೆಯಿಂದ ಶುರುಮಾಡಿದವನು.

ನನ್ನದೂ ಒಂದು ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. "ತಿಂಗಳಿಗೊಮ್ಮೆ ಟ್ರಿಮ್ ಮಾಡಿಸಿದ್ರೆ ಬೇಗ ಬೆಳೆಯುತ್ತೆ ಸಾರ್" ಅಂತ ಕಟಿಂಗ್ ಶಾಪಿನಲ್ಲಿ ಹೇಳಿದ್ದನ್ನು ನಂಬಿ ಮೂರು ತಿಂಗಳು ಹೋದೆ. ಬೆಳೆದ ಒಂದು ಸೆಂಟಿಮೀಟರನ್ನು ದುಡ್ಡು ಕೊಟ್ಟು ಅಲ್ಲೇ ಬಿಟ್ಟು ಬಂದೆ. ಕೂದಲು ಬೆಳೆಯುವುದು ಚರ್ಮದೊಳಗಿನ ಬುಡದಲ್ಲಿ. ತುದಿಗೆ ಕತ್ತರಿ ಬಿದ್ದಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಜವಳ ತೆಗೆಸಿದರೆ ದಟ್ಟವಾಗಿ ಬರುತ್ತೆ ಅಂತ ನಿನ್ನ ಅಜ್ಜಿ ಹೇಳುವುದೂ ಹಾಗೇ. ಕತ್ತಿ ಆಡಿದ ಮೇಲೆ ತುದಿ ಮೊಂಡಾಗುತ್ತದೆ, ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ. ಅಜ್ಜಿಯ ಹತ್ತಿರ ಇದನ್ನು ಹೇಳಬೇಡ ಮತ್ತೆ.

ಇನ್ನೊಂದು ಫಜೀತಿ ಯಾರೂ ಮೊದಲೇ ಹೇಳಲಿಲ್ಲ. ಕತ್ತಿನ ಹತ್ತಿರದ ಕೂದಲು ಆಗಲೇ ಕಾಲರಿನ ಮೇಲೆ ಬಿದ್ದಿದೆ. ಆದರೆ ನೆತ್ತಿಯ ಕೂದಲು ಭುಜಕ್ಕೆ ಬರಬೇಕಾದರೆ ಕಿವಿ, ಗಲ್ಲ, ಕತ್ತು ಎಲ್ಲ ದಾಟಬೇಕು. ಎರಡೂವರೆ ವರ್ಷದ ದಾರಿ. ಸದ್ಯಕ್ಕೆ ಮುಂದಿನದು ಬಾಯಿಯವರೆಗೆ ಬಂದಿದೆ, ಊಟಕ್ಕೆ ಕೂತರೆ ಸಾರಿಗೆ ಇಳಿಯುತ್ತದೆ. ಕಿವಿಯ ಹಿಂದೆ ನಿಲ್ಲಲ್ಲ, ಗಂಟಿಗೆ ಸಿಗಲ್ಲ. ತುಂಬಾ ಜನ ಸೋತು ಕಟಿಂಗ್ ಶಾಪಿಗೆ ಹೋಗುವುದು ಇದೇ ಹೊತ್ತಿನಲ್ಲಿ. ಆಮೇಲೆ "ನನ್ನ ಕೂದಲು ಬೆಳೆಯೋದೇ ಇಲ್ಲ" ಅಂತಾರೆ.

ನನ್ನ ತಾತನ ಫೋಟೋ ನೆನಪಿದೆಯಾ? ಮುಂದೆ ಬೋಳಿಸಿ ಹಿಂದೆ ಜುಟ್ಟು ಕಟ್ಟಿದ್ದು. ಬಿಚ್ಚಿದರೆ ಬೆನ್ನಿನ ಅರ್ಧಕ್ಕೆ ಬರುತ್ತಿತ್ತಂತೆ. ಎಣ್ಣೆಯ ಮಹಿಮೆ ಅನ್ನುತ್ತಿದ್ದರು ಮನೆಯಲ್ಲಿ. ನನಗನ್ನಿಸುವುದು, ಅವರು ಅದಕ್ಕೆ ಕತ್ತರಿ ಹಾಕಿಸಲೇ ಇಲ್ಲ. ಪ್ರತಿ ಕೂದಲೂ ಎರಡರಿಂದ ಆರು ವರ್ಷ ಬೆಳೆದು ತಾನಾಗಿಯೇ ಉದುರುತ್ತದೆ. ಯಾರದ್ದು ಎಷ್ಟು ವರ್ಷ ಅನ್ನುವುದು ಹೆಚ್ಚಾಗಿ ಮನೆತನದ ಬಳುವಳಿ. ತಾತನದು ನನಗೆ ಬಂದಿದೆಯೋ ಇಲ್ಲವೋ ನೋಡೋಣ. ನೆತ್ತಿ ಸವೆಯುತ್ತಿರುವುದು ಬೇರೆ ವಿಷಯ, ಅದರ ಬಗ್ಗೆ ಈಗ ಮಾತು ಬೇಡ.

ದೀಪಾವಳಿಗೆ ಬರುವಾಗ ನಿನ್ನ ಹಳೇ ಹೇರ್‌ಬ್ಯಾಂಡ್ ಒಂದು ತಾ. ಕಪ್ಪುದು. ಹೂವಿನದ್ದು ಬೇಡ.

ನಿನ್ನ,
ಅಪ್ಪ