ಅಪ್ಪನಿಗೆ, ಆ 7ರ ಲೆಕ್ಕ

ಸೇಂಟ್ ಲೂಯಿಸ್, ಮಿಸೌರಿ, ಅಮೆರಿಕ
ಭಾನುವಾರ ಸಂಜೆ

ತೀರ್ಥರೂಪು ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ವಾರಕ್ಕೆ ಮೂರು ಸಲ ಫೋನ್ ಮಾಡುವವಳು ಈಗ ಕಾಗದ ಯಾಕೆ ಬರೆದಳು ಅಂತ ಅಮ್ಮ ಗಾಬರಿ ಆಗುವುದು ಬೇಡ. ಮೊನ್ನೆ ಅಪ್ಪ ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಸಿಟ್ಟು ಮಾಡಿಕೊಂಡು ಫೋನ್ ಇಟ್ಟೆ. ಆಮೇಲೆ ಎರಡು ದಿನ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಫೋನಿನಲ್ಲಿ ಹೇಳಹೋದರೆ ಮತ್ತೆ ಜಗಳವೇ ಆಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪ, ನೀವು ಸಂಶೋಧನೆಯ ಪೇಪರ್ ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ನನ್ನ ಹೆಸರು ಹುಡುಕಿದ್ದು ಗೊತ್ತಾಗಿ ಮೊದಲು ನಗು ಬಂತು. ಆಮೇಲೆ ನೀವು ಕೇಳಿದಿರಿ: "ಅತ್ತೆ ಮಗನಿಗೆ 19 ಇದೆ, ನಿನಗೆ 7 ಅಂತೆ. ಎಷ್ಟಕ್ಕೆ 7? ನೂರಕ್ಕೋ?" ಮೂವತ್ತು ವರ್ಷ ಗಣಿತ ಕಲಿಸಿದವರು, ಅಂಕಿ ಕಂಡರೆ ಸುಮ್ನೆ ಇರುತ್ತೀರಾ?

ಅದು ನೂರಕ್ಕಲ್ಲ, ಹತ್ತಕ್ಕೂ ಅಲ್ಲ. ಎಚ್-ಇಂಡೆಕ್ಸ್ ಅಂತ ಅದರ ಹೆಸರು. ಹಿರ್ಷ್ ಎಂಬ ಭೌತಶಾಸ್ತ್ರದ ಪ್ರೊಫೆಸರ್ 2005ರಲ್ಲಿ ಕಂಡುಹಿಡಿದದ್ದು. ತೆಂಗಿನ ತೋಟ ಅಂದುಕೊಳ್ಳಿ. ತಲಾ 7 ಕಾಯಿಗೆ ಕಡಿಮೆಯಿಲ್ಲದೆ ಬಿಟ್ಟ ಮರ 7 ಇದ್ದರೆ ನಿಮ್ಮ ತೋಟಕ್ಕೆ 7. ಎಂಟಾಗಬೇಕಾದರೆ ಎಂಟು ಮರ ಬೇಕು, ಪ್ರತಿಯೊಂದೂ ಎಂಟೆಂಟು ಬಿಟ್ಟಿರಬೇಕು. ಒಂದೇ ಮರ 500 ಕಾಯಿ ಬಿಟ್ಟು ಉಳಿದವು ಬರಡಾಗಿದ್ದರೆ ನಿಮ್ಮ ತೋಟಕ್ಕೆ ಬರೀ 1. ಮರ ಅಂದರೆ ನಾನು ಬರೆದ ಪೇಪರ್. ಕಾಯಿ ಅಂದರೆ ಬೇರೆಯವರು ತಮ್ಮ ಪೇಪರಿನಲ್ಲಿ ನನ್ನದನ್ನು ಹೆಸರಿಸಿದ ಸಲ, ಸೈಟೇಷನ್.

ನನ್ನ ಒಂಬತ್ತು ಪೇಪರಿನ ಸೈಟೇಷನ್ ಪಟ್ಟಿ ಹೀಗಿದೆ, ನೀವೇ ಲೆಕ್ಕ ಹಾಕಿ: 88, 41, 24, 19, 11, 9, 8, 5, 0. ಏಳನೆಯದಕ್ಕೆ 8 ಇದೆ, ಎಂಟನೆಯದಕ್ಕೆ ಬರೀ 5. ಹಾಗಾಗಿ 7.

ಅತ್ತೆ ಮಗನದು ಕಂಪ್ಯೂಟರ್. ಅವನ ಕಡೆ ಜನ ಜಾಸ್ತಿ, ಪೇಪರ್ ಜಾಸ್ತಿ, ಒಬ್ಬರನ್ನೊಬ್ಬರು ಹೆಸರಿಸುವುದೂ ಜಾಸ್ತಿ. ಅವನು ಜಾಣನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ 19ನ್ನು ನನ್ನ 7ರ ಪಕ್ಕ ಇಡುವುದು ಭತ್ತದ ಇಳುವರಿಯನ್ನು ಅಡಿಕೆಯ ಪಕ್ಕ ಇಟ್ಟ ಹಾಗೆ. ಇನ್ನೊಂದು, ಈ ಅಂಕಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಾನು ನಾಳೆ ಕೆಲಸ ಬಿಟ್ಟು ಬಂದು ಜಗಲಿಯಲ್ಲಿ ಕೂತರೂ ನನ್ನ ಎಚ್-ಇಂಡೆಕ್ಸ್ ಬೆಳೆಯಬಹುದು!

ಈಗ ನಿಮಗೆ ಇಷ್ಟವಾಗುವ ವಿಷಯ ಹೇಳುತ್ತೇನೆ. ಪ್ರಪಂಚದಲ್ಲೇ ಅತಿ ಹೆಚ್ಚು ಸೈಟೇಷನ್ ಬಿದ್ದ ಪೇಪರ್ ಯಾವುದು ಗೊತ್ತಾ? ಐನ್‌ಸ್ಟೈನರದಲ್ಲ. ನಾನಿರುವ ಇದೇ ಊರಿನಲ್ಲಿ, ಇಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿನಲ್ಲಿದ್ದ ಆಲಿವರ್ ಲೌರಿ ಎಂಬವರು 1951ರಲ್ಲಿ ಬರೆದದ್ದು. 2014ರಲ್ಲಿ ನೇಚರ್ ಪತ್ರಿಕೆ ಎಣಿಸಿದಾಗ ಅದಕ್ಕೆ 3 ಲಕ್ಷ ದಾಟಿತ್ತು. ಅದರಲ್ಲಿರುವುದು ಏನು? ಒಂದು ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಅಂತ ಅಳೆಯುವ ವಿಧಾನ, ಅಷ್ಟೇ. ಕ್ಷಾರದ ನೀರಿಗೆ ಸ್ವಲ್ಪ ಮೈಲುತುತ್ತ, ಆಮೇಲೆ ಇನ್ನೊಂದು ರಾಸಾಯನಿಕ. ನೀಲಿ ಬಣ್ಣ ಬರುತ್ತದೆ. ನೀಲಿ ಗಾಢವಾದಷ್ಟೂ ಪ್ರೋಟೀನ್ ಜಾಸ್ತಿ.

ಹೌದು ಅಪ್ಪ, ಮೈಲುತುತ್ತವೇ. ನೀವು ಸುಣ್ಣದ ತಿಳಿ ಬೆರೆಸಿ ಅಡಿಕೆಯ ಕೊಳೆಗೆ ಹೊಡೆಸುತ್ತೀರಲ್ಲ, ಅದೇ. ಮೊದಲ ಸಲ ಲ್ಯಾಬಿನಲ್ಲಿ ಆ ಬಾಟಲಿ ಮುಚ್ಚಳ ತೆಗೆದಾಗ ನನಗೆ ನಮ್ಮ ಅಂಗಳದ ಡ್ರಮ್ಮು, ನಿಮ್ಮ ನೀಲಿ ಬೆರಳು ಕಣ್ಣೆದುರು ಬಂದವು. ಪಕ್ಕದಲ್ಲಿದ್ದ ಹುಡುಗನಿಗೆ ಹೇಳಿದೆ. ಅವನಿಗೆ ಏನೂ ಅರ್ಥವಾಗಲಿಲ್ಲ.

ತಮ್ಮದು ಅಂಥಾ ಮಹಾನ್ ಪೇಪರ್ ಏನಲ್ಲ ಅಂತ ಲೌರಿಯೇ ಹೇಳಿಕೊಂಡಿದ್ದರು. ಆದರೂ ಸಿಕ್ಕ ಹೆಸರು ನೋಡಿ ಒಳಗೊಳಗೇ ಖುಷಿ ಅಂತಲೂ ಒಪ್ಪಿಕೊಂಡಿದ್ದರು. ಈ ಮಾತಿಗೇ ಅವರು ನನಗೆ ಇಷ್ಟ. ಅದೇ ಪೇಪರಿಗೆ ರೋಸ್‌ಬ್ರೋ, ಫಾರ್, ರ‍್ಯಾಂಡಲ್ ಅಂತ ಇನ್ನೂ ಮೂರು ಹೆಸರಿವೆ. ಎಲ್ಲರ ಬಾಯಲ್ಲಿ ಬರುವುದು "ಲೌರಿ ವಿಧಾನ" ಮಾತ್ರ. ನಿಮ್ಮ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರ ಇದೆ, "ನಿನ್ನ ಹೆಸರು ಮೂರನೆಯದು ಯಾಕೆ?" ಅಂತ ಕೇಳಿದ್ದಿರಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಮೊದಲ ಹೆಸರು ಜಾಸ್ತಿ ದುಡಿದವರದು, ಕೊನೆಯದು ಲ್ಯಾಬಿನ ಯಜಮಾನರದು. ನಡುವಿನವರು ಮದುವೆ ಫೋಟೋದ ಹಿಂದಿನ ಸಾಲಿನ ಹಾಗೆ. ಇದ್ದೇವೆ, ಯಾರೂ ನೋಡುವುದಿಲ್ಲ. ಒಂಬತ್ತರಲ್ಲಿ ಮೂರಕ್ಕೆ ನಾನು ಮೊದಲನೆಯವಳು. ಸದ್ಯಕ್ಕೆ ಅಷ್ಟೇ.

ಡಿಎನ್‌ಎ ಜೋಡಿ ಎಳೆಯ ರಚನೆ ತೋರಿಸಿದ 1953ರ ವಾಟ್ಸನ್-ಕ್ರಿಕ್ ಪೇಪರಿಗೆ ಆ 2014ರ ಲೆಕ್ಕದಲ್ಲಿ ಇದ್ದದ್ದು 5 ಸಾವಿರದ ಆಸುಪಾಸು. ಅಳತೆಗೋಲಿಗೆ 3 ಲಕ್ಷ, ಜೀವದ ಗುಟ್ಟಿಗೆ 5 ಸಾವಿರ! ಎಲ್ಲರಿಗೂ ಗೊತ್ತಾದದ್ದನ್ನು ಯಾರೂ ಹೆಸರಿಸುವುದಿಲ್ಲ ನೋಡಿ. ಮಗ್ಗಿ ಹೇಳುವಾಗ ಯಾರು ಕಂಡುಹಿಡಿದದ್ದು ಅಂತ ನೀವೇನಾದರೂ ಹೇಳಿಕೊಡುತ್ತಿದ್ದಿರಾ? ನಮ್ಮ ಜಿ.ಎನ್. ರಾಮಚಂದ್ರನ್ ಅವರದೂ ಇದೇ ಕತೆ. 1963ರಲ್ಲಿ ಮದ್ರಾಸಿನಲ್ಲಿದ್ದಾಗ ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ಆಗದು ಅಂತ ನಕ್ಷೆ ಮಾಡಿಕೊಟ್ಟರು. ಆಮೇಲೆ ಬೆಂಗಳೂರಿಗೆ ಬಂದು ಐಐಎಸ್ಸಿಯಲ್ಲಿ, ಅಂದರೆ ನಮ್ಮವರು ಹೇಳುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಇಲ್ಲಿ ನಮ್ಮ ಲ್ಯಾಬಿನ ಸಾಫ್ಟ್‌ವೇರ್ ತೆರೆದರೆ "ರಾಮಚಂದ್ರನ್ ಪ್ಲಾಟ್" ಅನ್ನುವ ಗುಂಡಿಯೇ ಇದೆ. ಎಷ್ಟೋ ಜನ ಅದನ್ನು ಒತ್ತುತ್ತಾರೆ, ಮೂಲ ಪೇಪರನ್ನು ಹೆಸರಿಸದೆ ಮುಂದೆ ಹೋಗುತ್ತಾರೆ.

ಇದೇ ಮಿಸೌರಿ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಎಂಬ ವಿಜ್ಞಾನಿ ಐದು ವರ್ಷ ಇದ್ದರು, ಬೇಸರವಾಗಿ 1941ರಲ್ಲಿ ಬಿಟ್ಟು ಹೋದರು. ಆಮೇಲೆ ನ್ಯೂಯಾರ್ಕ್ ಕಡೆ ಮೆಕ್ಕೆಜೋಳದ ಕಾಳಿನ ಚುಕ್ಕೆ ನೋಡುತ್ತಾ, ಜೀನುಗಳು ಇದ್ದ ಜಾಗದಿಂದ ನೆಗೆಯುತ್ತವೆ ಅಂದರು. 1950ರ ಸುಮಾರಿನಲ್ಲಿ ಅದನ್ನು ಬರೆದರೆ ಕೇಳುವವರೇ ಕಡಿಮೆ. ನೊಬೆಲ್ ಬಂದದ್ದು 1983ರಲ್ಲಿ, 81ನೇ ವಯಸ್ಸಿಗೆ. ನಡುವಿನ ಮೂವತ್ತು ವರ್ಷ ಅವರ ಎಚ್-ಇಂಡೆಕ್ಸ್ ನೋಡಿ ಯಾರಾದರೂ ಕೆಲಸ ಕೊಡುತ್ತಿದ್ದರಾ?

ಇಷ್ಟೆಲ್ಲಾ ಹೇಳಿ, ಅಂಕಿ ನನಗೆ ಲೆಕ್ಕಕ್ಕಿಲ್ಲ ಅಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಎದ್ದು ಕಾಫಿಗಿಂತ ಮೊದಲು ನೋಡುವುದು ಅದನ್ನೇ. ಕೆಲಸಕ್ಕೆ ಅರ್ಜಿ ಹಾಕಿದರೆ ಅವರೂ ಮೊದಲು ಅದನ್ನೇ ನೋಡುತ್ತಾರೆ, ಯಾವ ಪತ್ರಿಕೆ, ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು ಅಂತಲೂ ನೋಡುತ್ತಾರೆ. ಈ ಇಂಪ್ಯಾಕ್ಟ್ ಫ್ಯಾಕ್ಟರ್ ಒಬ್ಬೊಬ್ಬರನ್ನು ತೂಗಲಿಕ್ಕೆ ಮಾಡಿದ್ದೇ ಅಲ್ಲ, ಇಡೀ ಪತ್ರಿಕೆಯ ಪೇಪರುಗಳಿಗೆ ಬಿದ್ದ ಸೈಟೇಷನ್ನಿನ ಸರಾಸರಿ. ಹಾಗೆ ಬಳಸಬೇಡಿ ಅಂತ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಿಗಳು ಘೋಷಣೆಯನ್ನೇ ಹೊರಡಿಸಿದರು. ಸಾವಿರಾರು ಜನ ಸಹಿ ಹಾಕಿದ್ದಾರೆ. ಸಹಿ ಹಾಕಿ ಮತ್ತೆ ಅದನ್ನೇ ನೋಡುತ್ತಾರೆ ಅಂತ ನನ್ನ ಗುಮಾನಿ. ಹೋದ ವರ್ಷ ನನ್ನ ಪೇಪರ್ ಪರಿಶೀಲಿಸಿದವರೊಬ್ಬರು, ಹೆಸರು ಹೇಳದ ಪುಣ್ಯಾತ್ಮರು, ಇಂತಿಂಥ ನಾಲ್ಕು ಪೇಪರನ್ನೂ ಅದರಲ್ಲಿ ಹೆಸರಿಸಿ ಅಂದರು. ನಾಲ್ಕರಲ್ಲೂ ಒಬ್ಬರದೇ ಹೆಸರು. ಸೇರಿಸಿದೆ. ಏನು ಮಾಡಲಿ?

ದೊಡ್ಡಪ್ಪನ ಮಗನಿಗೂ ಹೇಳಿ. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆ ಅಂತ ಇಮೇಲ್ ಬಂದರೆ ನಂಬುವುದು ಬೇಡ. ಪ್ರಮೋಷನ್ನಿಗೆ ಅಂತ ಅವನು ವಿಚಾರಿಸುತ್ತಿದ್ದ.

ಇನ್ನು ನನ್ನ ಆ 88. ನೀವು ಫೋನಿನಲ್ಲಿ ಅದರ ಹೆಸರು ಓದಲಿಕ್ಕೆ ಹೋಗಿ ನಾಲಿಗೆ ತಿರುಗದೆ ಬಿಟ್ಟಿರಿ. ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುವಾಗಿನದು ಅದು. ಕಾಳುಮೆಣಸಿನ ಎಲೆಯಿಂದ, ಜೀನಿನ ಸಂದೇಶ ಒಯ್ಯುವ ಅಣುವಾದ ಆರ್‌ಎನ್‌ಎ ತೆಗೆಯುವ ವಿಧಾನ. ಆ ಎಲೆಯ ಒಗರು, ಲೋಳೆ ಎಲ್ಲಾ ಸೇರಿ ಆರ್‌ಎನ್‌ಎಯನ್ನು ಕಂದು ಅಂಟು ಮಾಡಿಬಿಡುತ್ತಿದ್ದವು. ಕಿತ್ತ ಎಲೆ ಬೆಂಗಳೂರು ಮುಟ್ಟುವಷ್ಟರಲ್ಲಿ ಕೆಡುತ್ತದೆ, ಬೇರು ಸಮೇತ ಬಳ್ಳಿಯೇ ಬೇಕು ಅಂದಿದ್ದೆ. ನೀವು ಪಾಲಿಥಿನ್ ಚೀಲದಲ್ಲಿ ಬೇರು ಬರಿಸಿದ 12 ಬಳ್ಳಿ ತೀರ್ಥಹಳ್ಳಿಯಿಂದ ರಾತ್ರಿ ಬಸ್ಸಿಗೆ ಹಾಕಿದ್ದಿರಿ. ಕಂಡಕ್ಟರ್ ಲಗೇಜ್ ಚಾರ್ಜ್ ಕೇಳಿದ ಅಂತ ಅಮ್ಮ ಇವತ್ತಿಗೂ ಬೈಯುತ್ತಾಳೆ. ಮೂರು ಸತ್ತವು, ಒಂಬತ್ತು ಬದುಕಿದವು. ಆ ಒಂಬತ್ತರಿಂದಲೇ ವಿಧಾನ ಕೂಡಿಬಂತು. ಈಗ ಮೆಣಸಿಗೆ ಸಂಬಂಧವೇ ಇಲ್ಲದವರು, ಗೋಡಂಬಿ ಎಲೆ, ಮಾವಿನ ಎಲೆ ಹಿಡಿದವರು ಅದನ್ನು ಬಳಸುತ್ತಾರೆ. ನಾಲ್ಕು ವರ್ಷ ನಿದ್ದೆಗೆಟ್ಟು ಮಾಡಿದ ಯೀಸ್ಟಿನ ಪೇಪರಿಗೆ 5. ಸೊನ್ನೆಯದು ಈ ವರ್ಷದ್ದು, ನನಗೆ ಅದೇ ಜಾಸ್ತಿ ಪ್ರೀತಿ. ಅದರ ವಿಷಯ ಇನ್ನೊಮ್ಮೆ.

ಆ ಮೆಣಸಿನ ಪೇಪರಿನ ಕೊನೆಯ ಪುಟದ ಪ್ರಿಂಟ್ ಇದರ ಜೊತೆ ಇಟ್ಟಿದ್ದೇನೆ. ಕೆಳಗೆ ವಂದನೆಗಳು ಅಂತ ಸಣ್ಣ ಅಕ್ಷರದ ನಾಲ್ಕು ಸಾಲಿವೆ, ಮೂರನೆಯದನ್ನು ಕನ್ನಡಕ ಹಾಕಿಕೊಂಡು ಓದಿ. ನಿಮ್ಮ ಹೆಸರು ಪೂರ್ತಿ ಬರೆಸಿದ್ದೇನೆ, ಊರಿನ ಹೆಸರೂ ಇದೆ. ಅದನ್ನು ಯಾವ ಗೂಗಲ್ಲೂ ಎಣಿಸುವುದಿಲ್ಲ, ಅದಕ್ಕೇ ನಿಮಗೆ ಸಿಕ್ಕಿಲ್ಲ. ಇಷ್ಟು ವರ್ಷ ನಾನೂ ಹೇಳಿರಲಿಲ್ಲ. ಯಾಕೆ ಅಂತ ಕೇಳಬೇಡಿ.

ಮಳೆ ಹಿಡಿಯುವ ಮುಂಚೆ ಮೊದಲ ಔಷಧಿ ಹೊಡೆಸಿ ಆಯಿತಾ? ಮೈಲುತುತ್ತ ಕಲಸುವಾಗ ಈ ಸಲವಾದರೂ ಕೈಗೆ ಗವಸು ಹಾಕಿಕೊಳ್ಳಿ. ಅಮ್ಮ, ಅಪ್ಪೆಮಿಡಿ ಹಾಕಿದ್ದರೆ ಒಂದು ಸಣ್ಣ ಡಬ್ಬಿ ನನಗೆ ಅಂತ ಎತ್ತಿಡು. ಡಿಸೆಂಬರಿಗೆ ಬರುತ್ತೇನೆ, ಟಿಕೆಟ್ ನೋಡುತ್ತಿದ್ದೇನೆ.

ಇಂತಿ ನಿಮ್ಮ ಮಗಳು