ನೆಲದಡಿಯ ಊರಿನ ಕೊನೆಯ ಅಂತಸ್ತಿನಲ್ಲಿ ಯಾರಿದ್ದಾರೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿ ಈ ಸಲ ಮಕ್ಕಳ ಕಥಾ ಸ್ಪರ್ಧೆಗೆ ಕೊಟ್ಟಿರುವ ವಿಷಯ ನನಗೆ ತುಂಬಾ ಹಿಡಿಸಿತು. ನೆಲದ ಕೆಳಗೆ, ಯಾರ ಕಣ್ಣಿಗೂ ಬೀಳದ ಒಂದು ಊರು. ಅಲ್ಲಿ ಹತ್ತಾರು ಕುಲದವರು ಜಗಳವಿಲ್ಲದೆ ಬಾಳುತ್ತಿದ್ದಾರೆ. ಕೆ.ಆರ್.ಪುರದ ನಮ್ಮ ಬೀದಿಯ ಮಕ್ಕಳನ್ನು ನಾನು ರಜೆಯ ದಿನ ಕೂರಿಸಿಕೊಂಡು ಕತೆ ಓದಿಸುತ್ತೇನೆ. ಈಗ ಅವರ ಬಾಯಲ್ಲಿ ಇದೇ ಮಾತು. ನಾಗರು, ಯಕ್ಷರು, ರಾಕ್ಷಸರು, ಗೇಣುದ್ದದ ಮನುಷ್ಯರು, ಲೆಕ್ಕ ಬಲ್ಲ ಹೆಗ್ಗಣಗಳು, ಎಲ್ಲರೂ ಆ ಊರಿಗೆ ಬಂದು ಸೇರಿದ್ದಾರೆ.

ಸ್ಪರ್ಧೆಯ ನಿಯಮದಲ್ಲಿ ಊರಿನ ಅಂದಚಂದ ಮತ್ತು ಅಲ್ಲಿನವರ ಒಗ್ಗಟ್ಟನ್ನು ವರ್ಣಿಸಿ, ಒಂದು ಪುಟ ಮೀರಬೇಡಿ ಎಂದಿದೆ. ಇದರ ಬಗ್ಗೆಯೇ ನನ್ನ ತಕರಾರು. ಒಗ್ಗಟ್ಟನ್ನು ವರ್ಣಿಸಿ ಅಂದರೆ ಮಕ್ಕಳು 'ಎಲ್ಲರೂ ಸಂತೋಷದಿಂದ ಇದ್ದರು' ಎಂದು ಬರೆದು ಮುಗಿಸುತ್ತಾರೆ. ಆ ಒಗ್ಗಟ್ಟು ಹೇಗೆ ನಿಂತಿದೆ ಎಂದು ಅವರನ್ನು ಕೇಳಬೇಕು.

ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್‌ನಲ್ಲಿ, ಅಂದರೆ ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸಕ್ಕೆ ಇಳಿಯುತ್ತಿದ್ದವರು. ಆ ಗಣಿಯ ಆಳ 3 ಕಿಲೋಮೀಟರಿಗೂ ಜಾಸ್ತಿ. ಅಷ್ಟು ಕೆಳಗೆ ಬಂಡೆಯೇ ಕಾದಿರುತ್ತದೆ. ಮೇಲಿನಿಂದ ಗಾಳಿ ತಣ್ಣಗೆ ಮಾಡಿ ಕಳಿಸದಿದ್ದರೆ ಮನುಷ್ಯ ಅಲ್ಲಿ ನಿಲ್ಲಲಾರ. ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಈ ಗಣಿಗಳಿಗೇ, 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನೆಲದಡಿಯ ಊರಿಗೆ ಗಾಳಿ, ಬೆಳಕು, ನೀರು ತಾನಾಗಿ ಬರುವುದಿಲ್ಲ. ಮೇಲಿನಿಂದ ಯಾರೋ ಕಳಿಸಬೇಕು, ಕೆಳಗೆ ಯಾರೋ ಕಾಯಬೇಕು.

ಗಣಿಗೆ ಇಳಿಸುವ ಲಿಫ್ಟಿನಂಥ ಕೇಜ್‌ನಲ್ಲಿ ಇಳಿಯುವಾಗ ಪಕ್ಕದಲ್ಲಿ ನಿಂತವನ ಜಾತಿ ಯಾರೂ ಕೇಳುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಕೆಳಗೆ ತಮಿಳೇ ಜಾಸ್ತಿ. ಅದರೊಳಗೆ ತೆಲುಗು, ಕನ್ನಡ, ಉರ್ದು ಎಲ್ಲ ಕಲೆತ ಮಾತು. ರಾಕ್ ಬರ್ಸ್ಟ್ ಆದರೆ, ಅಂದರೆ ಒತ್ತಡಕ್ಕೆ ಬಂಡೆ ಸಿಡಿದರೆ, ಯಾರ ಕೈ ಸಿಕ್ಕಿತೋ ಆ ಕೈ ಹಿಡಿದು ಎಳೆಯುತ್ತಿದ್ದರು. ಮೇಲೆ ಬಂದ ಮೇಲೆ ಬೇರೆಯೇ ಲೆಕ್ಕ. ಬ್ರಿಟಿಷರ ಕಾಲದಲ್ಲಿ ಸಾಹೇಬರಿಗೆ ತೋಟವಿರುವ ಬಂಗಲೆ, ಕ್ಲಬ್ಬು. ನಡುವೆ ಆಂಗ್ಲೋ ಇಂಡಿಯನ್ ಮೇಲ್ವಿಚಾರಕರು. ಕೆಳಗಿಳಿದು ಕಲ್ಲು ಒಡೆಯುತ್ತಿದ್ದವರಲ್ಲಿ ಬಹಳಷ್ಟು ಜನ ತಮಿಳು ಮಾತಾಡುವ ದಲಿತರು. ಅವರಿಗೆ ಒತ್ತೊತ್ತಾದ ಲೈನ್ ಮನೆಗಳು. ಕಲ್ಲಿನ ಧೂಳು ಕುಡಿದು ಎದೆ ಕೆಡಿಸಿಕೊಂಡವರೂ ಅವರೇ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಆ ಮನೆಗಳ ಮಕ್ಕಳು ಈಗಲೂ ಮಾರಿಕುಪ್ಪಂನಿಂದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ.

ಹಾಗಾಗಿ ನೆಲದಡಿಯ ಯಾವುದೇ ಊರಿನ ಕತೆ ಓದಿದರೂ ನನಗೆ ಮೊದಲು ಹುಟ್ಟುವ ಪ್ರಶ್ನೆ ಒಂದೇ: ತೀರಾ ಕೆಳಗಿನ ಅಂತಸ್ತಿನಲ್ಲಿ ಯಾರಿದ್ದಾರೆ?

ನಮ್ಮ ಪುರಾಣದ ಪಾತಾಳವನ್ನೇ ನೋಡಿ. ಭಾಗವತದ ಐದನೇ ಸ್ಕಂಧದಲ್ಲಿ ಅದರ ವರ್ಣನೆ ಇದೆ. ದಾನವರ ಶಿಲ್ಪಿ ಮಯ ಕಟ್ಟಿದ ಪಟ್ಟಣಗಳು, ತೋಟಗಳು, ಕೊಳಗಳು. ಅಲ್ಲಿ ಸೂರ್ಯನಿಲ್ಲ, ಹಗಲು ರಾತ್ರಿ ಎಂಬುದೂ ಇಲ್ಲ. ನಾಗರ ಹೆಡೆಯ ರತ್ನಗಳೇ ಬೆಳಕು. ದೈತ್ಯರು, ದಾನವರು, ನಾಗರು ಹೆಂಡತಿ ಮಕ್ಕಳೊಂದಿಗೆ ಸುಖವಾಗಿದ್ದಾರೆ. ವಿಷ್ಣುಪುರಾಣದಲ್ಲಂತೂ ನಾರದರು ಅಲ್ಲಿಗೆ ಹೋಗಿ ಬಂದು, ಸ್ವರ್ಗಕ್ಕಿಂತ ಪಾತಾಳವೇ ಚೆಂದ ಎನ್ನುತ್ತಾರೆ. ಪಾಡ್ಯದ ದಿನ ನಾವು ಕರೆಯುವ ಬಲೀಂದ್ರ ಬರುವುದೂ ಅಲ್ಲಿನ ಸುತಲ ಎಂಬ ಅಂತಸ್ತಿನಿಂದಲೇ. ಹೊರಗಿನ ಕತೆಗಳಿಂದ ಕುಳ್ಳರನ್ನು ಎರವಲು ತರುವ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು. ಆದರೆ ಅಲ್ಲಿಯೂ ಏಳು ಅಂತಸ್ತು. ಮಯನಿಗೆ ತಲಾತಲ, ಕದ್ರುವಿನ ಮಕ್ಕಳಾದ ಹಾವುಗಳಿಗೆ ಮಹಾತಲ, ವಾಸುಕಿ ಮೊದಲಾದವರಿಗೆ ಎಲ್ಲಕ್ಕಿಂತ ಕೆಳಗಿನ, ಪಾತಾಳ ಎಂದೇ ಹೆಸರಿರುವ ಅಂತಸ್ತು. ಅವರವರ ಜಾಗ ಅವರವರಿಗೆ. ಅದನ್ನು ಕೂಡಿ ಬಾಳುವುದು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಟರ್ಕಿಯ ಡೆರಿಂಕುಯು ನೆಲದಡಿ ನಿಜವಾಗಿಯೂ ಇರುವ ಊರು. ಸುಮಾರು 85 ಮೀಟರ್ ಆಳ, 20,000 ಜನ ಇರಬಹುದಾಗಿತ್ತು ಎಂಬ ಅಂದಾಜು. 1963ರಲ್ಲಿ ಒಬ್ಬರು ಮನೆ ರಿಪೇರಿಗೆಂದು ಗೋಡೆ ಒಡೆದಾಗ ಅದು ಮತ್ತೆ ಬೆಳಕಿಗೆ ಬಂತು. ಗಾಳಿಗೆ ಕೊರೆದ ಕೊಳವೆಗಳು, ಬಾವಿಗಳು, ಕೊಟ್ಟಿಗೆ ಎಲ್ಲ ಇವೆ. ಬಾಗಿಲೆಂದರೆ ಉರುಳಿಸಿ ಮುಚ್ಚುವ ದುಂಡು ಕಲ್ಲು, ಒಳಗಿನಿಂದ ಮಾತ್ರ ಮುಚ್ಚಬಹುದು. ದಾಳಿಗೆ ಹೆದರಿದ ಜನ ಅಲ್ಲಿ ಅಡಗುತ್ತಿದ್ದರು. ಅಂದಮೇಲೆ ಮಕ್ಕಳ ಊರು ಯಾರಿಗೆ ಹೆದರಿ ಅಡಗಿದೆ? ಕತೆಯಲ್ಲಿ ಅದೂ ಬರಬೇಕು, ಅಲ್ವಾ?

ಮಕ್ಕಳಿಗೆ ಇದೆಲ್ಲ ಭಾರ ಎಂದುಕೊಳ್ಳಬೇಡಿ. ನಮ್ಮ ಗುಂಪಿನ ಒಬ್ಬ ಹುಡುಗ, ನಾಗರಿಗೆ ಬೆಳಕು ಬೇಡ, ನಾಲಿಗೆಯಲ್ಲೇ ವಾಸನೆ ಹಿಡಿಯುತ್ತಾರೆ, ಅವರನ್ನು ತಳದಲ್ಲಿ ಇಡೋಣ ಎಂದ. ತಕ್ಷಣ ಒಬ್ಬಳು, 'ಬೇಡ ಅಂತ ಅವರು ಹೇಳಿದ್ರಾ? ನೀನೇ ಅಂದುಕೊಂಡ್ಯಾ?' ಎಂದು ಕೇಳಿದಳು. ರಾಕ್ಷಸರಿಗೆ ಗಾಳಿ ಜಾಸ್ತಿ ಬೇಕು, ಹಾಗಂತ ಯಾವಾಗಲೂ ಮೇಲಿನ ಅಂತಸ್ತು ಅವರದೇ ಆಗಬೇಕೇ ಎಂದು ಇನ್ನೊಬ್ಬಳು. ಕೊನೆಗೆ ಮಳೆಗಾಲ ಬಂದಾಗಲೆಲ್ಲ ಎಲ್ಲರೂ ಅಂತಸ್ತು ಬದಲಿಸಬೇಕು, ಗಾಳಿಯ ಬಾಗಿಲಿನ ಬೀಗದ ಕೈ ಮಾತ್ರ ಆಗ ತಳದಲ್ಲಿ ಇರುವವರ ಹತ್ತಿರವೇ ಇರಬೇಕು ಎಂದು ತೀರ್ಮಾನಿಸಿದರು. ಈ ಕಾನೂನು ನನಗೆ ಹೊಳೆದಿರಲಿಲ್ಲ. ಹೆಗ್ಗಣಗಳ ಹಬ್ಬಕ್ಕೆ ಹಾವುಗಳನ್ನು ಕರೆಯಬೇಕೇ ಎಂಬ ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ.

ಇಷ್ಟು ಒಂದು ಪುಟದಲ್ಲಿ ಹಿಡಿಯುವುದಿಲ್ಲ. ಮೂರು ಪುಟಕ್ಕೆ ಅವಕಾಶ ಕೊಡಿ. ಜೊತೆಗೆ ಊರಿನ ನಕ್ಷೆ ಬರೆದು ಕಳಿಸಲು ಹೇಳಿ. ನಕ್ಷೆ ಬರೆಯಲು ಕೂತಾಗಲೇ ಯಾರು ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಇನ್ನೊಂದು ಮುಖ್ಯವಾದ ಮಾತು. ನಮ್ಮ ಬೀದಿಯ ಮಕ್ಕಳು ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಆಡುತ್ತಾರೆ, ಕತೆ ಕನ್ನಡದಲ್ಲಿ ಬರೆಯುತ್ತಾರೆ. ಅವರ ನಾಗನೋ ಯಕ್ಷನೋ ಮನೆಮಾತಿನ ಒಂದೆರಡು ಪದ ಆಡಿದರೆ ತಪ್ಪೆಂದು ಅಂಕ ಕಳೆಯಬೇಡಿ. ಹತ್ತು ಕುಲದವರ ಊರಿನಲ್ಲಿ ಎಲ್ಲರೂ ಪಠ್ಯಪುಸ್ತಕದ ಕನ್ನಡವನ್ನೇ ಆಡಿದರೆ ನಂಬುವುದು ಹೇಗೆ?

ಕೊನೆಯ ದಿನಾಂಕ ಹತ್ತಿರವಿದೆ. ನಿಯಮ ಬದಲಿಸುವುದಾದರೆ ದಯವಿಟ್ಟು ಮುಂದಿನ ಪುರವಣಿಯಲ್ಲೇ ಪ್ರಕಟಿಸಿ. ಮಕ್ಕಳು ಈಗಾಗಲೇ ಡ್ರಾಯಿಂಗ್ ಶೀಟ್ ಕೊಂಡು ತಂದಿದ್ದಾರೆ.

ಇಂತಿ,
ನಿಮ್ಮ ಓದುಗಿ, ಗಣಿ ಕಾರ್ಮಿಕರೊಬ್ಬರ ಮಗಳು
ಕೆ.ಆರ್.ಪುರ, ಬೆಂಗಳೂರು